ಎರಡು ವರ್ಷದ ಕಾರ್ಡು, ಒಂದು ಹಾಳೆ ಕಾಗದ

"ಹ್ವಾಯ್, ಆ ಹೆಣ್ಣಿನ್ ಕಾರ್ಡಿನ್ ದಿನ ಮುಗ್ದ್ ಹೋಯ್ತಂಬ್ರ್. ಇನ್ನ್ ವಾಪಾಸ್ ಹೋಪುಕ್ ಬಿಡುದಿಲ್ಯಂಬ್ರ್, ಹೌದಾ?"

ಮಾರಣಕಟ್ಟೆ ಹಬ್ಬ ಮುಗಿದ ಮೇಲೆ ನಮ್ಮ ಕೆರಾಡಿಯಲ್ಲಿ ಬೇಲಿಯಿಂದ ಬೇಲಿಗೆ ದಾಟಿದ ಮಾತಿದು. ಹೆಣ್ಣು ನಮ್ಮ ನೆರೆಮನೆಯದೇ. ಮದುವೆಯಾಗಿ ಅಮೆರಿಕಕ್ಕೆ ಹೋದವಳು, ಅಜ್ಜಿಗೆ ಹುಷಾರಿಲ್ಲ ಅಂತ ಗೊತ್ತಾದ ಕೂಡಲೇ ಹೊರಟು ಬಂದಿದ್ದಾಳೆ. ಸಂಕ್ರಮಣದ ಹೊತ್ತಿಗೆ ಬಂದದ್ದರಿಂದ ಬ್ರಹ್ಮಲಿಂಗೇಶ್ವರನ ಹಬ್ಬವೂ ಸಿಕ್ಕಿತು. ಅವಳ ಪರ್ಸಿನಲ್ಲಿದ್ದ ಗ್ರೀನ್ ಕಾರ್ಡಿನ ತಾರೀಕು ಯಾರದೋ ಕಣ್ಣಿಗೆ ಬಿತ್ತು. ಮುಗಿದ ತಾರೀಕು. ಅಷ್ಟು ಸಾಕಾಯಿತು. ಗಂಡ ಬಿಟ್ಟು ಕಳಿಸಿದ್ದಾನೆ ಅನ್ನುವವರೆಗೆ ಮಾತು ಬೆಳೆದು, ವಂಡ್ಸೆ ಪೇಟೆಗೆ ಹೋಗಿ, ಅಲ್ಲಿಂದ ತಿರುಗಿ ಅವಳ ತಾಯಿಯ ಕಿವಿಗೇ ಬಂತು.

ಆ ತಾಯಿ ಬೇಲಿಯ ಆಚೆ ನಿಂತು ಒಂದೂ ಮಾತಾಡದೆ ನನ್ನ ಮುಖ ನೋಡಿದರು. ಸುಮ್ಮನಿರಲಿಕ್ಕೆ ಆಗಲಿಲ್ಲ. ಅವತ್ತು ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕುಂದಾಪುರ, ಬೈಂದೂರು, ಬ್ರಹ್ಮಾವರ ಮೂರು ತಾಲೂಕಿನಲ್ಲೂ ಮಗಳನ್ನೋ ಮಗನನ್ನೋ ಹೀಗೆ ದೂರ ಕಳಿಸಿದ ಮನೆಗಳಿವೆ. ಅವರಿಗೆಲ್ಲ ಬೇಕಾದ ಮಾತು.

ಕಾರ್ಡಿನ ತಾರೀಕು ಮುಗಿದದ್ದು ಹೌದು. ಅವಳು ಅಲ್ಲಿ ಇರುವ ಹಕ್ಕು ಮುಗಿದಿಲ್ಲ.

ಇದು ಹೇಗೆ ಅಂತ ತಿಳಿಯಬೇಕಾದರೆ ಆ ಕಾರ್ಡು ಎಂಥದ್ದು ಅಂತ ಮೊದಲು ಗೊತ್ತಿರಬೇಕು. ಎಚ್-1ಬಿ ಕೆಲಸದ ವೀಸಾದಲ್ಲಿರುವ ಹುಡುಗನನ್ನು ಮದುವೆಯಾಗಿ ಹೋದವರಿಗೆ ಈ ಕಾರ್ಡಿನ ಸಂಗತಿ ಇಲ್ಲ. ಅವರದ್ದು ಎಚ್-4, ಅದರ ಕತೆ ಬೇರೆ. ಅಮೆರಿಕದ ಪೌರನನ್ನೋ ಅಲ್ಲಿನ ಕಾಯಂ ನಿವಾಸಿಯನ್ನೋ ಮದುವೆಯಾಗಿ ಹೋದವರಿಗೆ ಆ ಮದುವೆಯ ಬಲದ ಮೇಲೆ ಗ್ರೀನ್ ಕಾರ್ಡ್ ಸಿಗುತ್ತದೆ. ಕಾಯಂ ನಿವಾಸದ ಹಕ್ಕು ಸಿಗುವ ದಿನಕ್ಕೆ ಮದುವೆಯಾಗಿ ಎರಡು ವರ್ಷ ತುಂಬಿರದಿದ್ದರೆ ಆ ಹಕ್ಕಿಗೆ ಒಂದು ಷರತ್ತು ಅಂಟಿಕೊಳ್ಳುತ್ತದೆ. ಕಾರ್ಡು ಹತ್ತು ವರ್ಷದ ಬದಲು ಎರಡೇ ವರ್ಷದ್ದು. ಕಾರ್ಡಿನ ಮೇಲೆ ವರ್ಗ ಅಂತ ಒಂದು ಜಾಗ ಇದೆ, ಅಲ್ಲಿ ಸಾಮಾನ್ಯವಾಗಿ ಸಿಆರ್1 ಅಂತಲೋ ಸಿಆರ್6 ಅಂತಲೋ ಇರುತ್ತದೆ. ಇಲ್ಲಿಂದ ವೀಸಾ ಮಾಡಿಸಿಕೊಂಡು ಹೋದ ಪೌರನ ಹೆಂಡತಿಗೆ ಸಿಆರ್1, ಅಲ್ಲಿ ಇದ್ದುಕೊಂಡೇ ಅರ್ಜಿ ಹಾಕಿದವಳಿಗೆ ಸಿಆರ್6. ಗಂಡಸರಿಗೂ ಇದೇ ನಿಯಮ. ಅಮೆರಿಕದಲ್ಲೇ ಹುಟ್ಟಿ ಬೆಳೆದ ನಮ್ಮವರ ಹೆಣ್ಣುಮಕ್ಕಳನ್ನು ಮದುವೆಯಾಗಿ ಹೋದ ಹುಡುಗರೂ ಊರಲ್ಲಿದ್ದಾರೆ.

ಷರತ್ತು ಯಾಕೆ ಬಂತು? ಕಾರ್ಡಿಗಾಗಿಯೇ ಮದುವೆಯ ನಾಟಕ ಆಡುವವರು ಹೆಚ್ಚಾದರು ಅಂತ ಅಲ್ಲಿನ ಕಾಂಗ್ರೆಸ್ಸಿಗೆ ಅನ್ನಿಸಿತು. 1986ರ ನವೆಂಬರಿನಲ್ಲಿ ಅಧ್ಯಕ್ಷ ರೇಗನ್ ಸಹಿ ಹಾಕಿದ ಮದುವೆ ವಂಚನೆ ತಡೆ ತಿದ್ದುಪಡಿಯಿಂದ ಈ ಎರಡು ವರ್ಷದ ಪರೀಕ್ಷೆ ಶುರುವಾಯಿತು. ಎರಡು ವರ್ಷ ಸಂಸಾರ ಮಾಡಿ ತೋರಿಸಿ, ಆಮೇಲೆ ಷರತ್ತು ತೆಗೆಯುತ್ತೇವೆ, ಅಂತ ಅದರ ತಾತ್ಪರ್ಯ. ನನ್ನ ಮಟ್ಟಿಗೆ ಇದು ಕಠಿಣವಾದ ಕಾನೂನು. ಹತ್ತು ಜನ ಮೋಸ ಮಾಡಿದರೆಂದು ಧಾರೆಯೆರೆಸಿಕೊಂಡು ನೆಟ್ಟಗೆ ಹೋದ ಮಗಳೂ ತನ್ನ ಸಂಸಾರವನ್ನು ಕಾಗದದಲ್ಲಿ ಸಾಬೀತು ಮಾಡಬೇಕಾಗುತ್ತದೆ. ಆದರೆ ಕಾನೂನು ಇರುವುದು ಹಾಗೆ. ಅದರೊಳಗೆ ನಡೆಯುವ ದಾರಿ ಗೊತ್ತಿದ್ದರೆ ಹೆದರಬೇಕಾದ್ದಿಲ್ಲ.

ದಾರಿ ಅಂದರೆ ಐ-751 ಅನ್ನುವ ಅರ್ಜಿ. ಗಂಡ ಹೆಂಡತಿ ಇಬ್ಬರೂ ಸಹಿ ಹಾಕಿ, ಕಾರ್ಡಿನ ತಾರೀಕು ಮುಗಿಯುವುದಕ್ಕೆ ಹಿಂದಿನ 90 ದಿನಗಳ ಒಳಗೆ ಕೊಡಬೇಕು. ಅದಕ್ಕಿಂತ ಮೊದಲೇ ಕೊಟ್ಟರೆ ಹಿಂದೆ ಕಳಿಸುತ್ತಾರೆ. ಕೊಡದೆ ಬಿಟ್ಟರೆ ಎರಡು ವರ್ಷ ತುಂಬಿದ ದಿನ ಹಕ್ಕು ತಾನಾಗಿ ಬಿದ್ದುಹೋಗುತ್ತದೆ, ದೇಶದಿಂದ ಹೊರಗೆ ಹಾಕುವ ನೋಟಿಸಿಗೂ ಅದು ದಾರಿ. ತಡವಾದರೆ ಯಾಕೆ ತಡವಾಯಿತು ಅಂತ ಒಪ್ಪುವಂಥ ಕಾರಣ ಬರೆದು ಕೊಡಬೇಕು, ಒಪ್ಪುವುದು ಬಿಡುವುದು ಅವರಿಗೆ ಸೇರಿದ್ದು.

ಸರಿಯಾದ ಹೊತ್ತಿಗೆ ಕೊಟ್ಟವರಿಗೆ ವಲಸೆ ಇಲಾಖೆಯಿಂದ, ಅಂದರೆ ಯುಎಸ್‌ಸಿಐಎಸ್‌ನಿಂದ, ಅಂಚೆಯಲ್ಲಿ ಒಂದು ಹಾಳೆ ಬರುತ್ತದೆ. ಐ-797 ಅಂತ ಅದರ ಹೆಸರು. ಮೇಲ್ಗಡೆ ಮೂರು ಅಕ್ಷರ, ಅದರ ಮುಂದೆ ಹತ್ತು ಅಂಕಿಯ ರಸೀದಿ ಸಂಖ್ಯೆ. ಕೆಳಗೆ ಹೆಸರು, ವಿಳಾಸ. ಅದರ ಕೆಳಗಿನ ಒಂದೇ ಒಂದು ಪ್ಯಾರಾದಲ್ಲಿ ನೆರೆಮನೆಯ ಹುಡುಗಿಯ ಬದುಕೆಲ್ಲ ಇದೆ: ನಿಮ್ಮ ಅರ್ಜಿ ಬಂದಿದೆ, ನಿಮ್ಮ ಕಾರ್ಡಿನ ತಾರೀಕು ಮುಗಿದ ಮೇಲೂ ಇಷ್ಟು ತಿಂಗಳು ನಿಮ್ಮ ಹಕ್ಕು ಮುಂದುವರಿಯುತ್ತದೆ, ನೀವು ಕೆಲಸ ಮಾಡಬಹುದು, ಪ್ರಯಾಣ ಮಾಡಬಹುದು. ಮೊದಲು ಈ ಅವಧಿ 12 ತಿಂಗಳಿತ್ತು. ಅರ್ಜಿಗಳು ರಾಶಿ ಬಿದ್ದು ಹೊತ್ತಿಗೆ ಸರಿಯಾಗಿ ತೀರ್ಮಾನವಾಗದೆ 2018ರಲ್ಲಿ 18 ತಿಂಗಳು ಮಾಡಿದರು, 2021ರಲ್ಲಿ 24, 2023ರ ಜನವರಿಯಿಂದ 48 ತಿಂಗಳು. ಅವರವರ ಹಾಳೆಯಲ್ಲಿ ಎಷ್ಟು ತಿಂಗಳು ಬರೆದಿದೆಯೋ ಅದೇ ಅವರ ಲೆಕ್ಕ. ಯಾರೋ ಹೇಳಿದ ಲೆಕ್ಕ ಹಿಡಿಯಬಾರದು.

ನಮ್ಮ ಕಡೆಯ ಹಿರಿಯರಿಗೆ ಇದನ್ನು ತಿಳಿಸಲಿಕ್ಕೆ ದೂರ ಹೋಗಬೇಕಾಗಿಲ್ಲ. 1974ರಲ್ಲಿ ಭೂಸುಧಾರಣೆ ಬಂದಾಗ ಗೇಣಿದಾರರು 7ನೇ ನಮೂನೆಯಲ್ಲಿ ಡಿಕ್ಲರೇಶನ್ ಕೊಟ್ಟದ್ದು ನೆನಪಿದೆಯಲ್ಲ? ಕಡೆಯ ದಿನ ಮುಂದೆ ಹೋಗಿ ಹೋಗಿ 1979ರ ಜೂನ್ 30ಕ್ಕೆ ನಿಂತಿತು. ಡಿಕ್ಲರೇಶನ್ ಕೊಟ್ಟವರ ಮನೆಯಲ್ಲಿ ಟ್ರಿಬ್ಯೂನಲ್ಲಿನ ತೀರ್ಮಾನ ಬರುವ ತನಕ ಆ ಸ್ವೀಕೃತಿ ಚೀಟಿಯನ್ನು ಟ್ರಂಕಿನ ತಳದಲ್ಲಿ ಇಟ್ಟು ಕಾದರು. ಗದ್ದೆ ಬಿಟ್ಟು ಏಳಿ ಅಂದವರಿಗೆ ಅದೇ ಉತ್ತರವಾಗಿತ್ತು. ಕೊಡದೆ ಉಳಿದವರ ಕೈ ತಪ್ಪಿಹೋದ ಗದ್ದೆಗಳ ಮಾತು ಈಗಲೂ ಊರಲ್ಲಿದೆ. ಐ-797 ಅನ್ನುವುದು ಆ ಸ್ವೀಕೃತಿ ಚೀಟಿ. ನೆರೆಮನೆಯ ತಾಯಿಗೆ ಈ ಮಾತು ಹೇಳಿದಾಗ ಅವರ ಉಸಿರು ಕೆಳಗಿಳಿಯಿತು. ಅವರ ಮಾವನವರೂ ಡಿಕ್ಲರೇಶನ್ ಕೊಟ್ಟು ಗದ್ದೆ ಉಳಿಸಿಕೊಂಡವರು.

"ಹಾಂಗಾರೆ ಕಾರ್ಡ್ ಎಂತಕ್ಕೆ ಇಟ್ಕಂಡದ್ದ್? ದಿನ ಮುಗ್ದದ್ ಬಿಸಾಡುಕಾಗ್ದಾ?" ಅಂತ ಅವರ ಮುಂದಿನ ಪ್ರಶ್ನೆ. ಬಿಸಾಡಬಾರದು. ಮುಗಿದ ಕಾರ್ಡು ಮತ್ತು ಆ ಹಾಳೆ ಎರಡೂ ಸೇರಿದರೆ ಮಾತ್ರ ಒಂದು ದಾಖಲೆ. ಕಾರ್ಡು ಬಿಟ್ಟು ಹಾಳೆಗೆ ಬೆಲೆಯಿಲ್ಲ, ಹಾಳೆ ಬಿಟ್ಟು ಕಾರ್ಡಿಗೆ ಬೆಲೆಯಿಲ್ಲ. ಎರಡರ ಜೊತೆಗೆ ಭಾರತದ ಪಾಸ್‌ಪೋರ್ಟ್. ಹಾಳೆಯ ಮೂಲಪ್ರತಿಯೇ ಬೇಕು. ಮೊಬೈಲಿನ ಫೋಟೋ, ಜೆರಾಕ್ಸ್ ಇಟ್ಟುಕೊಂಡಿರುವುದು ಒಳ್ಳೆಯದು, ಅದನ್ನೇ ನಂಬಿ ಹೊರಡುವುದು ಒಳ್ಳೆಯದಲ್ಲ.

ಇಲ್ಲೊಂದು ಸೂಕ್ಷ್ಮ ಇದೆ, ಊರಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ವಿಮಾನದವರಿಗೆ ಅಮೆರಿಕದ ಗಡಿ ಇಲಾಖೆ ಕೊಟ್ಟ ಕೈಪಿಡಿಯಲ್ಲಿ ಹತ್ತು ವರ್ಷದ ಕಾರ್ಡಿಗೆ ಒಂದು ನಿಯಮ, ಎರಡು ವರ್ಷದ್ದಕ್ಕೆ ಇನ್ನೊಂದು. ಹತ್ತು ವರ್ಷದ ಕಾರ್ಡಿನ ತಾರೀಕು ಮುಗಿದಿದ್ದರೂ ವಿಮಾನ ಹತ್ತಿಸಬಹುದು. ಎರಡು ವರ್ಷದ ಕಾರ್ಡಿನ ತಾರೀಕು ಮುಗಿದಿದ್ದರೆ ಐ-797 ಹಾಳೆ ಕಾಣದೆ ಹತ್ತಿಸುವ ಹಾಗಿಲ್ಲ. ನೆರೆಮನೆಯ ಹುಡುಗಿಯ ಗಂಡನ ಅಣ್ಣನೋ, ಅದೇ ಊರಿನ ಬೇರೆ ಯಾರೋ ಮುಗಿದ ಕಾರ್ಡಿನಲ್ಲೇ ಹೋಗಿ ಬಂದಿರಬಹುದು. ಅವರದ್ದು ಹತ್ತು ವರ್ಷದ ಕಾರ್ಡು. ಅವರ ಧೈರ್ಯವನ್ನು ಇವಳು ಸಾಲ ತೆಗೆದುಕೊಳ್ಳುವ ಹಾಗಿಲ್ಲ.

ನೆರೆಮನೆಯ ಹುಡುಗಿ ಹೇಳಿದ ಒಂದು ಸಂಗತಿ. ಅವಳ ಗೆಳತಿಯೊಬ್ಬಳು ಹೋದ ವರ್ಷ ಹೀಗೇ ಊರಿಗೆ ಬಂದು ಹಿಂದೆ ಹೋಗುವಾಗ ವಿಮಾನ ನಿಲ್ದಾಣದ ಕೌಂಟರಿನಲ್ಲಿದ್ದ ಹುಡುಗ ಕಾರ್ಡು ನೋಡಿ, ತಾರೀಕು ನೋಡಿ, ಪಕ್ಕಕ್ಕೆ ನಿಲ್ಲಿ ಅಂದನಂತೆ. ಅವಳು ಹಾಳೆ ಕೊಟ್ಟಳು. ಅವನು ಅದನ್ನು ತಿರುಗಿಸಿ ಮುರುಗಿಸಿ ನೋಡಿದ. ಹಿಂದೆ ಸಾಲಿನಲ್ಲಿದ್ದವರೆಲ್ಲ ಮುಂದೆ ಹೋದರು. ಅವಳು ಸ್ವರ ಎತ್ತಲಿಲ್ಲ, ಅಳಲೂ ಇಲ್ಲ. ಪ್ಯಾರಾದ ಮೇಲೆ ಬೆರಳಿಟ್ಟು, ಇದನ್ನು ಓದಿ, ನಿಮ್ಮ ಮೇಲಿನವರನ್ನು ಕರೆಯಿರಿ ಅಂದಳು. ಮೇಲಿನ ಹೆಂಗಸು ಬಂದು ಓದಿ, ಕಾರ್ಡಿನ ತಾರೀಕಿಗೆ ಹಾಳೆಯ ತಿಂಗಳು ಕೂಡಿಸಿ, ಬೋರ್ಡಿಂಗ್ ಪಾಸ್ ಕೊಡಲಿಕ್ಕೆ ಹೇಳಿದರು. ಅಷ್ಟೇ. ಆ ಕೌಂಟರಿನ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ದಿನಕ್ಕೆ ನೂರಾರು ಪಾಸ್‌ಪೋರ್ಟ್ ನೋಡುವವನಿಗೆ ಇಂಥದ್ದು ಅಪರೂಪಕ್ಕೆ ಕಾಣಿಸುತ್ತದೆ. ತಪ್ಪಿ ಹತ್ತಿಸಿದರೆ ದಂಡ ಬೀಳುವುದು ಅವನ ಕಂಪೆನಿಗೆ. ನಾವು ಒಂದು ಗಂಟೆ ಮುಂಚೆ ಹೋಗಬೇಕು, ಹಾಳೆ ಕೈಚೀಲದಲ್ಲಿರಬೇಕು, ಎಲ್ಲಿ ಏನು ಬರೆದಿದೆ ಅಂತ ನಮಗೇ ಗೊತ್ತಿರಬೇಕು. ದೊಡ್ಡ ಪೆಟ್ಟಿಗೆಯೊಳಗೆ ಹಲಸಿನ ಹಪ್ಪಳದ ಕಟ್ಟಿನ ಅಡಿಯಲ್ಲಿ ಹಾಳೆ ಇಟ್ಟು ಪೆಟ್ಟಿಗೆಯನ್ನು ಬೆಲ್ಟಿಗೆ ಹಾಕಿದ ಮೇಲೆ ಯಾರೂ ಏನೂ ಮಾಡುವ ಹಾಗಿಲ್ಲ.

ದಾರಿಯ ವಿಷಯವೂ ಬಂತು. ಕೆರಾಡಿಯಿಂದ ಹೊರಟವರು ಕುಂದಾಪುರಕ್ಕೆ ಇಳಿದು, ಪಂಚಗಂಗಾ ರೈಲಿನಲ್ಲೋ ರಾತ್ರಿ ಬಸ್ಸಿನಲ್ಲೋ ಬೆಂಗಳೂರು ಸೇರಿ ವಿಮಾನ ಹತ್ತುವುದು ರೂಢಿ. ಬಜ್ಪೆಯಿಂದ ಗಲ್ಫಿಗೆ ಹೋಗಿ ಅಲ್ಲಿಂದ ಮುಂದೆ ಹೋಗುವವರೂ ಇದ್ದಾರೆ. ಅಬುಧಾಬಿಯಲ್ಲಿ 2014ರಿಂದ ಅಮೆರಿಕದ ಅಧಿಕಾರಿಗಳೇ ಕೂತು ತಪಾಸಣೆ ಮಾಡುತ್ತಾರೆ. ಅಲ್ಲಿ ದಾಟಿದರೆ ಅಮೆರಿಕದಲ್ಲಿ ಇಳಿದ ಮೇಲೆ ಮತ್ತೆ ಆ ಸಾಲಿಲ್ಲ. ಲಂಡನ್, ಯುರೋಪಿನ ಮೇಲೆ ಹೋಗುವ ಟಿಕೆಟ್ ಮಾಡುವವರು ಮಾತ್ರ ಸ್ವಲ್ಪ ನಿಂತು ನೋಡಬೇಕು. ಭಾರತದ ಪಾಸ್‌ಪೋರ್ಟಿಗೆ ಅಲ್ಲಿ ವಿಮಾನ ಬದಲಿಸುವುದಕ್ಕೂ ವೀಸಾ ಕೇಳುವ ದೇಶಗಳಿವೆ. ಗ್ರೀನ್ ಕಾರ್ಡ್ ಇದ್ದವರಿಗೆ ವಿನಾಯಿತಿ ಕೊಟ್ಟರೂ, ತಾರೀಕು ಮುಗಿದ ಕಾರ್ಡನ್ನು ಹಾಳೆಯ ಜೊತೆ ಒಪ್ಪುತ್ತಾರೋ ಇಲ್ಲವೋ ಅನ್ನುವುದು ದೇಶ ದೇಶಕ್ಕೆ ಬೇರೆ. ನಾಲ್ಕು ಸಾವಿರ ಉಳಿಯುತ್ತದೆಂದು ಆ ದಾರಿ ಹಿಡಿಯುವ ಮೊದಲು ಆಯಾ ದೇಶದ ನಿಯಮ ಓದಿಕೊಳ್ಳಬೇಕು.

ಇನ್ನು ಎಷ್ಟು ದಿನ ಇರಬಹುದು ಅನ್ನುವ ಪ್ರಶ್ನೆ. ನಮ್ಮ ಊರಲ್ಲಿ ಜಗಳ ಹುಟ್ಟುವುದು ಇಲ್ಲಿಯೇ. ಬಂದ ಮಗಳನ್ನು ಕಳಿಸಲಿಕ್ಕೆ ಯಾರಿಗೆ ಮನಸ್ಸು ಬರುತ್ತದೆ? ಶಿವರಾತ್ರಿ ಮುಗಿಸಿ ಹೋಗು, ತಮ್ಮನಿಗೆ ಹೆಣ್ಣು ನೋಡಿ ಹೋಗು, ಹರಕೆಯ ಯಕ್ಷಗಾನದ ಆಟ ನಿಗದಿಯಾಗಿದೆ, ಮಾರಣಕಟ್ಟೆ ಮೇಳ ಮನೆಗೆ ಬರುವಾಗ ಮನೆಮಗಳೇ ಇಲ್ಲದಿದ್ದರೆ ಹೇಗೆ? ಎಲ್ಲ ಪ್ರೀತಿಯ ಮಾತೇ. ಆದರೆ ಅದರ ಬೆಲೆ ತೆರುವವಳು ಅವಳು.

ಗಲ್ಫಿಗೆ ಮಕ್ಕಳನ್ನು ಕಳಿಸಿದ ಮನೆಗಳಿಗೆ ಈ ಲೆಕ್ಕ ಹೊಸತಲ್ಲ. ದುಬೈಯ ರೆಸಿಡೆನ್ಸಿ ಇದ್ದವನು ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ಸಾಮಾನ್ಯವಾಗಿ ವೀಸಾ ಬಿದ್ದುಹೋಗುತ್ತದೆ. ಸೌದಿಯವನು ಎಕ್ಸಿಟ್ ರೀಎಂಟ್ರಿ ಇಲ್ಲದೆ ಹೊರಡುವುದೇ ಇಲ್ಲ. ಅಮೆರಿಕದ್ದು ಅಷ್ಟು ಬಿಗಿಯಲ್ಲ, ಆದರೆ ಅಲ್ಲಿಯೂ ಆರು ತಿಂಗಳು ಅನ್ನುವುದು ಒಂದು ಗೆರೆ. 180 ದಿನ ದಾಟಿ ಹೋದವರನ್ನು ಹೊಸದಾಗಿ ಬಂದವರ ಹಾಗೆ ವಿಚಾರಿಸಬಹುದು, ನಿಮ್ಮ ಮನೆ ನಿಜವಾಗಿ ಎಲ್ಲಿ ಅಂತ ಕೇಳಬಹುದು. ಒಂದು ವರ್ಷ ದಾಟಿದರೆ ಕಾರ್ಡು ತೋರಿಸಿ ಒಳಗೆ ಹೋಗುವ ಹಾಗೆಯೇ ಇಲ್ಲ. ರೀಎಂಟ್ರಿ ಪರ್ಮಿಟ್ ಇರಬೇಕು. ಆ ಪರ್ಮಿಟ್ಟಿಗೆ ಅರ್ಜಿ ಹಾಕುವಾಗ ಅಮೆರಿಕದ ನೆಲದಲ್ಲೇ ಇರಬೇಕು. ಕೆರಾಡಿಯಲ್ಲಿ ಕೂತು ಹಾಕಲಿಕ್ಕಾಗುವುದಿಲ್ಲ. ಷರತ್ತಿನ ಕಾರ್ಡಿನವರಿಗೆ ಇನ್ನೊಂದು ಕಾರಣಕ್ಕೂ ಉದ್ದದ ರಜೆ ಕೂಡದು: ಅರ್ಜಿ ವಿಚಾರಣೆಯಲ್ಲಿರುವಾಗ ಬೆರಳಚ್ಚಿಗೆ ಬನ್ನಿ, ಸಂದರ್ಶನಕ್ಕೆ ಬನ್ನಿ ಅಂತ ಅಲ್ಲಿನ ವಿಳಾಸಕ್ಕೆ ಅಂಚೆ ಬರಬಹುದು. ಹೇಳದೆ ಕೇಳದೆ ತಪ್ಪಿಸಿಕೊಂಡರೆ ಅರ್ಜಿ ಕೈಬಿಟ್ಟಂತೆ ಲೆಕ್ಕ. ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಊರಿಗೆ ಬರುವುದಾದರೆ ಅಂಚೆ ಪೆಟ್ಟಿಗೆ ನೋಡಿ ಫೋಟೋ ಕಳಿಸಲಿಕ್ಕೆ ಅಲ್ಲಿ ಒಬ್ಬರನ್ನು ಗೊತ್ತು ಮಾಡಿಯೇ ಬರಬೇಕು. ದಿನ ಬದಲಿಸಿಕೊಡಿ ಅಂತ ಮೊದಲೇ ಕೇಳಿಕೊಂಡರೆ ದಾರಿ ಇದೆ.

ಬಂದಿರುವಾಗಲೇ 90 ದಿನದ ಗಡುವು ಶುರುವಾದರೆ? ಅಜ್ಜಿ ಹಾಸಿಗೆ ಹಿಡಿದಿದ್ದಾರೆ, ಹೊರಡುವ ಹಾಗಿಲ್ಲ. ಆಗಲೂ ದಾರಿ ಇದೆ. ಐ-751 ಅರ್ಜಿ ಹಾಕುವ ಹೊತ್ತಿಗೆ ಅವಳು ಅಮೆರಿಕದ ಒಳಗೇ ಇರಬೇಕೆಂಬ ನಿಯಮವಿಲ್ಲ. ಗಂಡ ಅಲ್ಲಿಂದ ಕಳಿಸಿದರೂ ಆಗುತ್ತದೆ, ಇಬ್ಬರ ಸಹಿ ಇರಬೇಕು ಅಷ್ಟೇ. ಆದರೆ ಹಾಳೆ ಬರುವುದು ಅಲ್ಲಿನ ಮನೆಗೆ. ಅದು ಕುರಿಯರಿನಲ್ಲಿ ಇಲ್ಲಿಗೆ ಬಂದು ಅವಳ ಕೈ ಸೇರುವ ಮೊದಲು ಕಾರ್ಡಿನ ತಾರೀಕು ಮುಗಿದರೆ ಅವಳು ವಿಮಾನ ಹತ್ತುವ ಹಾಗಿಲ್ಲ. ಮಳೆಗಾಲದಲ್ಲಿ ನಮ್ಮ ಘಟ್ಟದ ಬುಡದ ರಸ್ತೆಗಳ ಮೇಲೆ ಕುರಿಯರಿನ ಹುಡುಗ ಯಾವಾಗ ಬರುತ್ತಾನೆ ಅಂತ ನಮಗೆಲ್ಲ ಗೊತ್ತು. ಕುಂದಾಪುರದ ನೆಂಟರ ವಿಳಾಸ ಕೊಟ್ಟು ಅಲ್ಲಿಗೆ ತರಿಸಿಕೊಳ್ಳುವುದು ಒಳ್ಳೆಯದು.

ಹಾಳೆಯೋ ಕಾರ್ಡೋ ಕಳೆದುಹೋದರೆ? ಅಮೆರಿಕದಲ್ಲಿ ಇರುವಾಗ ಕಳೆದರೆ ವಲಸೆ ಇಲಾಖೆಯನ್ನು ಕೇಳಿ ಪಾಸ್‌ಪೋರ್ಟಿನಲ್ಲಿ ಐ-551 ಮುದ್ರೆ ಹಾಕಿಸಿಕೊಳ್ಳಬಹುದು, ಅದು ಕಾರ್ಡಿಗೆ ಸಮ. ಊರಲ್ಲಿರುವಾಗ ಕಾರ್ಡು ಕಳೆದರೆ ಐ-131ಎ ಅರ್ಜಿ ಹಾಕಿ ಕಾನ್ಸುಲೇಟಿಗೆ ಹೋಗಬೇಕು. ಕರ್ನಾಟಕದವರು ಇದುವರೆಗೂ ಚೆನ್ನೈಗೆ ಅಲೆದವರೇ. ಮದುವೆಯ ಮೇಲಿನ ವಲಸೆ ವೀಸಾಕ್ಕಾದರೆ ಮತ್ಸ್ಯಗಂಧಾ ರೈಲು ಹತ್ತಿ ಮುಂಬೈಗೆ. ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ 2025ರ ಜನವರಿ 17ರಂದು ಉದ್ಘಾಟನೆಯಾಯಿತು, ವೀಸಾ ಕೆಲಸ ಅವತ್ತೇ ಶುರುವಾಗಲಿಲ್ಲ. ಇಷ್ಟು ದೊಡ್ಡ ರಾಜ್ಯಕ್ಕೆ, ಇಷ್ಟು ಮಕ್ಕಳನ್ನು ಅಲ್ಲಿಗೆ ಕಳಿಸಿದ ಊರುಗಳಿಗೆ ಅದು ಇಪ್ಪತ್ತು ವರ್ಷ ಮೊದಲೇ ಬರಬೇಕಿತ್ತು.

ನೆರೆಮನೆಯ ಅಜ್ಜ ಜಗಲಿಯಿಂದಲೇ ಒಂದು ಪ್ರಶ್ನೆ ಹಾಕಿದರು: "ಮದಿ ಆದದ್ದ್ ನಾವೆಲ್ಲ ಕಂಡಿತ್ತಲೆ, ಇನ್ನೆಂತ ಸಾಕ್ಷಿ ಬೇಕಂಬ್ರ್ ಅವ್ರಿಗೆ?" ಒಳ್ಳೆಯ ಪ್ರಶ್ನೆ. ಧಾರೆಗೆ ಊರಿಗೆ ಊರೇ ಸಾಕ್ಷಿ. ಹೊಸ ಜೋಡಿ ಕೋಟೇಶ್ವರದ ಕೊಡಿ ಹಬ್ಬಕ್ಕೆ ಹೋಗಿ ಕಬ್ಬಿನ ಕೊಡಿ ತಂದದ್ದಕ್ಕೂ ನಾವೇ ಸಾಕ್ಷಿ. ಸಬ್ ರಿಜಿಸ್ಟ್ರಾರ್ ಕಚೇರಿಯ ಮದುವೆ ಪತ್ರವೂ ಇದೆ. ಆದರೆ ಐ-751ಕ್ಕೆ ಬೇಕಾದ್ದು ಮದುವೆಯಾದ ಪುರಾವೆ ಮಾತ್ರ ಅಲ್ಲ, ಮದುವೆಯಾದ ಮೇಲೆ ಎರಡು ವರ್ಷ ಒಟ್ಟಿಗೆ ಬದುಕಿದ ಪುರಾವೆ. ಇಬ್ಬರ ಹೆಸರಿನ ಬ್ಯಾಂಕ್ ಖಾತೆ, ಇಬ್ಬರ ಹೆಸರಿನ ಬಾಡಿಗೆ ಕರಾರು, ಒಟ್ಟಿಗೆ ಸಲ್ಲಿಸಿದ ತೆರಿಗೆ ಲೆಕ್ಕ, ವಿಮೆಯಲ್ಲಿ ಒಬ್ಬರಿಗೊಬ್ಬರ ಹೆಸರು, ಮಗುವಾಗಿದ್ದರೆ ಅದರ ಜನನ ಪತ್ರ, ಇಬ್ಬರನ್ನೂ ಬಲ್ಲವರ ಪ್ರಮಾಣಪತ್ರ. ನಮ್ಮ ಕಡೆ ಮನೆ ಬಾಡಿಗೆ, ಕರೆಂಟ್ ಬಿಲ್ಲು, ಖಾತೆ ಎಲ್ಲ ಗಂಡಸಿನ ಹೆಸರಿನಲ್ಲೇ ಇರುವ ರೂಢಿ. ಆ ರೂಢಿಯನ್ನು ಅಲ್ಲಿಗೂ ಹೊತ್ತುಕೊಂಡು ಹೋದರೆ ಎರಡು ವರ್ಷದ ಕಡೆಗೆ ಹೆಣ್ಣಿನ ಹೆಸರು ಯಾವ ಕಾಗದದಲ್ಲೂ ಸಿಗುವುದಿಲ್ಲ. ಹೋದ ಮೊದಲ ತಿಂಗಳಿಂದಲೇ ಎಲ್ಲದರಲ್ಲಿ ಇಬ್ಬರ ಹೆಸರೂ ಬರಲಿ ಅಂತ ಅಳಿಯನಿಗೆ ಹೇಳಲಿಕ್ಕೆ ಮಾವ ಹಿಂಜರಿಯಬಾರದು.

ಊರಿಗೆ ಬಂದು ಹೋದದ್ದೂ ಒಂದು ಪುರಾವೆ. ಇಬ್ಬರೂ ಒಟ್ಟಿಗೆ ಬಂದ ವಿಮಾನದ ಟಿಕೆಟ್, ಮೂಡುಗಲ್ಲು ಗುಹೆಯ ಕೇಶವನಾಥನ ಎದುರು ನೀರಿನಲ್ಲಿ ನಿಂತು ತೆಗೆಸಿಕೊಂಡ ಫೋಟೋ, ಅಜ್ಜಿಯ ಹಾಸಿಗೆಯ ಪಕ್ಕ ಕೂತದ್ದು, ಎಲ್ಲ ಇಟ್ಟುಕೊಳ್ಳಬೇಕು. 'ಕಾಂತಾರ' ಬಂದ 2022ರ ನಂತರ ಕೆರಾಡಿ ಅಂದರೆ ರಿಷಬ್ ಶೆಟ್ಟರ ಊರು ಅಂತ ಅಲ್ಲಿನ ಕನ್ನಡದವರಿಗೂ ಗೊತ್ತು. ಊರು ತೋರಿಸಲಿಕ್ಕೆ ಗಂಡನನ್ನು ಕರೆದುಕೊಂಡು ಬರುವ ಹೆಣ್ಣುಮಕ್ಕಳನ್ನು ಕಂಡರೆ ನನಗೆ ಸಂತೋಷವಾಗುತ್ತದೆ.

ಇನ್ನು ಹೇಳುವುದು ಕಷ್ಟದ ಮಾತು. ಗಂಡ ಬಿಟ್ಟು ಕಳಿಸಿದ್ದಾನೆ ಅನ್ನುವ ಊರವರ ಸಂಶಯ ನಮ್ಮ ನೆರೆಮನೆಯ ಹುಡುಗಿಯ ಮಟ್ಟಿಗೆ ಸುಳ್ಳು. ಎಲ್ಲರ ಮಟ್ಟಿಗೂ ಸುಳ್ಳು ಅಂತ ಹೇಳಲಿಕ್ಕೆ ಬರುವುದಿಲ್ಲ. ಊರಿಗೆ ಹೋಗಿ ಬರೋಣ ಅಂತ ಹೆಂಡತಿಯನ್ನು ಕರೆದುಕೊಂಡು ಬಂದು, ಅವಳ ಪಾಸ್‌ಪೋರ್ಟ್, ಕಾರ್ಡು, ಹಾಳೆ ತನ್ನ ಚೀಲದಲ್ಲಿಟ್ಟುಕೊಂಡು ಒಬ್ಬನೇ ಹಿಂದೆ ಹೋದ ಗಂಡಂದಿರು ಇದ್ದಾರೆ. ಅಂಥ ದೂರುಗಳು ಎಷ್ಟು ಬಂದವೆಂದರೆ ರಾಷ್ಟ್ರೀಯ ಮಹಿಳಾ ಆಯೋಗ 2009ರಲ್ಲಿ ಅನಿವಾಸಿ ಭಾರತೀಯರ ಮದುವೆಗಳಿಗೆಂದೇ ಒಂದು ಪ್ರತ್ಯೇಕ ಘಟಕ ತೆರೆಯಬೇಕಾಯಿತು. ಷರತ್ತಿನ ಕಾರ್ಡು ಅಂಥ ಗಂಡನ ಕೈಗೆ ಒಂದು ಹಗ್ಗ ಕೊಟ್ಟಂತೆ ಹೆಂಡತಿಗೆ ಕಾಣುತ್ತದೆ: ನಾನು ಸಹಿ ಹಾಕದಿದ್ದರೆ ನೀನು ಇಲ್ಲಿ ಇರುವ ಹಾಗಿಲ್ಲ ಅಂತ ಹೆದರಿಸಿ ಹೊಡೆತ ಬಡಿತ ಸಹಿಸಿಕೊಳ್ಳುವ ಹಾಗೆ ಮಾಡುತ್ತಾನೆ.

ಆ ಬೆದರಿಕೆ ಸುಳ್ಳು. ಇದನ್ನು ಹೆಣ್ಣು ಹೆತ್ತ ಪ್ರತಿಯೊಂದು ಮನೆಯೂ ತಿಳಿದಿರಬೇಕು. ಮದುವೆ ಪ್ರಾಮಾಣಿಕವಾಗಿ ಆದದ್ದಾಗಿದ್ದು, ಗಂಡ ಹಿಂಸೆ ಕೊಟ್ಟಿದ್ದರೆ, ಅಥವಾ ವಿಚ್ಛೇದನವಾಗಿದ್ದರೆ, ಅಥವಾ ಗಂಡ ತೀರಿಕೊಂಡಿದ್ದರೆ, ಅವಳೊಬ್ಬಳೇ ಸಹಿ ಹಾಕಿ ಐ-751 ಕೊಡಬಹುದು. ಅದಕ್ಕೆ 90 ದಿನದ ಗಡುವಿನ ಕಟ್ಟೂ ಇಲ್ಲ. ದೇಶ ಬಿಡಿಸಿದರೆ ವಿಪರೀತ ಕಷ್ಟಕ್ಕೆ ಸಿಕ್ಕುತ್ತಾಳೆ ಅನ್ನುವುದೂ ಒಂದು ಆಧಾರ. ಪೊಲೀಸರ ದಾಖಲೆ, ವೈದ್ಯರ ಚೀಟಿ, ಗೆಳತಿಗೆ ಕಳಿಸಿದ ಸಂದೇಶ, ಇವೆಲ್ಲ ಅಲ್ಲಿ ಪುರಾವೆ. ಗಂಡನ ಸಹಿಯೊಂದೇ ಬಾಗಿಲಲ್ಲ.

ಇದೇ ಧಾಟಿಯ ಇನ್ನೊಂದು ಸಂಗತಿ. ವಿಮಾನ ಇಳಿದ ಮೇಲೆ ಅಧಿಕಾರಿ ಐ-407 ಅನ್ನುವ ಕಾಗದ ಮುಂದಿಟ್ಟು, ಕಾರ್ಡು ಬಿಟ್ಟುಕೊಡುತ್ತೇನೆ ಅಂತ ಸಹಿ ಹಾಕಿ ಅನ್ನಬಹುದು. ಅದು ಸ್ವಂತ ಇಚ್ಛೆಯಿಂದ ಹಾಕುವ ಸಹಿ, ಹಾಕಲೇಬೇಕೆಂದಿಲ್ಲ. ವಲಸೆ ನ್ಯಾಯಾಧೀಶರ ಮುಂದೆ ಹೇಳಿಕೊಳ್ಳುತ್ತೇನೆ ಅನ್ನುವ ಹಕ್ಕು ಇದೆ. ನಮ್ಮಲ್ಲಿ ಇದು ಹೆಚ್ಚು ಬೇಕಾಗುವುದು ಮಗನೋ ಮಗಳೋ ಕಾರ್ಡು ಮಾಡಿಸಿಕೊಟ್ಟ ಮೇಲೆ ವರ್ಷದ ಹೆಚ್ಚು ಕಾಲ ಊರಲ್ಲೇ ತೋಟ ನೋಡಿಕೊಂಡು ಇರುವ ಅಪ್ಪ ಅಮ್ಮಂದಿರಿಗೆ. ಅವರ ಕಾರ್ಡಿಗೆ ಎರಡು ವರ್ಷದ ಷರತ್ತಿಲ್ಲ, ಆದರೆ ಮನೆ ಎಲ್ಲಿ ಅನ್ನುವ ಪ್ರಶ್ನೆ ಅವರನ್ನೂ ಬಿಡುವುದಿಲ್ಲ.

ಎಲ್ಲ ಸರಿಯಾಗಿ ನಡೆದರೆ ಮುಂದೆ ಒಂದು ಸುಲಭವೂ ಇದೆ. ಅಮೆರಿಕದ ಪೌರನ ಜೊತೆ ಸಂಸಾರ ಮಾಡುತ್ತಿರುವವಳು ಕಾಯಂ ನಿವಾಸಿಯಾಗಿ ಮೂರು ವರ್ಷಕ್ಕೆ ಪೌರತ್ವಕ್ಕೆ ಅರ್ಜಿ ಹಾಕಬಹುದು, ಐ-751 ಇನ್ನೂ ತೀರ್ಮಾನವಾಗಿರದಿದ್ದರೂ. ಆ ಮೂರು ವರ್ಷದಲ್ಲಿ ಕಡಿಮೆಯೆಂದರೆ 18 ತಿಂಗಳು ಆ ನೆಲದಲ್ಲಿ ಇದ್ದಿರಬೇಕು, ಆರು ತಿಂಗಳು ಮೀರಿದ ಒಂದೇ ಪ್ರವಾಸ ಆ ಲೆಕ್ಕವನ್ನು ಕೆಡಿಸಬಹುದು. ಪೌರತ್ವ ತೆಗೆದುಕೊಂಡರೆ ಭಾರತದ ಪಾಸ್‌ಪೋರ್ಟ್ ಒಪ್ಪಿಸಬೇಕು, ಬೇಕಾದರೆ ಒಸಿಐ, ಅಂದರೆ ಸಾಗರೋತ್ತರ ಭಾರತೀಯರ ಕಾರ್ಡು, ಮಾಡಿಸಿಕೊಳ್ಳಬಹುದು. ಪೌರತ್ವ ತೆಗೆದುಕೊಳ್ಳುವುದು ಬಿಡುವುದು ಅವಳಿಗೆ ಬಿಟ್ಟ ವಿಷಯ. ಅದಕ್ಕೆ ಊರಿನವರು ತಲೆ ಹಾಕಬಾರದು.

ನೆರೆಮನೆಯ ಹುಡುಗಿ ನಾಡಿದ್ದು ಹೊರಡುತ್ತಾಳೆ. ಅಜ್ಜಿ ಗಂಜಿ ಕುಡಿಯುವಷ್ಟಾಗಿದ್ದಾರೆ. ಇನ್ನೊಂದು ವಾರ ಇದ್ದು ಹೋಗು ಅಂದ ದೊಡ್ಡಮ್ಮನಿಗೆ ಅವಳ ತಾಯಿಯೇ ಉತ್ತರ ಕೊಟ್ಟರು, ಹೋಗಲಿ, ಮುಂದಿನ ಹಬ್ಬಕ್ಕೆ ಹತ್ತು ವರ್ಷದ ಕಾರ್ಡಿನಲ್ಲಿ ಬರಲಿ ಅಂತ. ಆ ಮಾತು ಕೇಳಿ ನನಗೆ ಬಹಳ ಸಮಾಧಾನವಾಯಿತು.

ಹೀಗೆ ಹೋದ ಹೆಣ್ಣುಮಕ್ಕಳ ಮನೆಯವರಲ್ಲಿ ನನ್ನದೊಂದು ಕೋರಿಕೆ. ಮುಂದಿನ ಸಲ ಫೋನಿನಲ್ಲಿ ಮಾತಾಡುವಾಗ ಊಟವಾಯಿತಾ, ಚಳಿ ಇದೆಯಾ ಅಂತ ಕೇಳಿದ ಮೇಲೆ ಇನ್ನೆರಡು ಪ್ರಶ್ನೆ ಕೇಳಿ. ಕಾರ್ಡಿನ ಮೇಲೆ ಯಾವ ತಾರೀಕಿದೆ? ಪಾಸ್‌ಪೋರ್ಟು, ಕಾರ್ಡು, ಹಾಳೆ ಯಾರ ಹತ್ತಿರ ಇವೆ? ತಾರೀಕನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆದು, ಅದಕ್ಕೆ ಮೂರು ತಿಂಗಳ ಹಿಂದೆ ಇನ್ನೊಂದು ಗುರುತು ಹಾಕಿ. ಕಾಗದಗಳು ಅವಳ ಕೈಯಲ್ಲಿ ಇಲ್ಲ ಅಂತಾದರೆ, ಅವಳು ಊರಿಗೆ ಟಿಕೆಟ್ ಮಾಡುವ ಮೊದಲೇ ಅವಳ ಕೈಗೆ ಬರುವ ಹಾಗೆ ಮಾಡಿ.